ನಿಮಗೆ ಏನು ಕೆಲಸ ಬರುತ್ತದೆ?

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನೌಕರಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಮನಃಶಾಸ್ತ್ರ ಓದಿದ ಪಂಡಿತರಲ್ಲ. ನಿಮ್ಮಂತೆಯೇ ಡೊಂಬಿವಲಿಯ ಮುಂಜಾನೆಯ ಗಾಡಿಯಲ್ಲಿ ಒಂಟಿಕಾಲಿನ ಮೇಲೆ ನಿಂತು ಹೋಗಿ ಬಂದವರು. ಆದುದರಿಂದ ಮೊದಲು ನಮ್ಮ ಸೋಲಿನ ಕಥೆಯನ್ನೇ ಹೇಳಿಬಿಡುತ್ತೇವೆ.

ಥಾಣೆಯ ಒಂದು ಕಾರಖಾನೆಯ ಕಚೇರಿಯಲ್ಲಿ ನಾವು 12 ವರ್ಷ ಆವಕ-ಜಾವಕದ ಪುಸ್ತಕ ಬರೆದೆವು. ಬಂದ ಕಾಗದಕ್ಕೆ ನಂಬರು, ಹೋಗುವ ಕಾಗದಕ್ಕೆ ನಂಬರು. ಅದರಲ್ಲಿ ಏನಿದೆ, ಅದು ಯಾವ ಮೇಜಿಗೆ ಹೋಗಿ ಏನಾಗುತ್ತದೆ ಎಂದು ಸಾಹೇಬರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಪಗಾರ ಬಂತು, ಊರಿಗೆ ಮನಿಆರ್ಡರು ಹೋಯಿತು, ಅಷ್ಟೇ. ಮೂರನೆಯ ವರ್ಷಕ್ಕೇ ಹುರುಪು ಇಂಗಿ, ಗಡಿಯಾರ ನೋಡುವುದೇ ಮುಖ್ಯ ಕೆಲಸವಾಯಿತು.

ಒಂದು ದಿನ ಕಾರಖಾನೆ ಮುಚ್ಚಿತು. ಇನ್ನೊಂದು ಕಡೆ ನೌಕರಿ ಕೇಳಲು ಹೋದಾಗ ಅಲ್ಲಿಯವರು, "ನಿಮಗೆ ಏನು ಕೆಲಸ ಬರುತ್ತದೆ?" ಎಂದರು. "12 ವರ್ಷದ ಸರ್ವೀಸು ಇದೆ" ಎಂದೆವು. "ಅದಲ್ಲ, ಕೆಲಸ ಏನು ಬರುತ್ತದೆ?" ಎಂದು ಮತ್ತೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಏಳು ತಿಂಗಳು ಮನೆಯಲ್ಲಿ ಕುಳಿತೆವು. ಮನೆಯವರ ಬಳೆ ಅಡವಿಗೆ ಹೋದವು. ಪಕ್ಕದ ಮೇಜಿನ ಕುಂದಾಪುರದ ಗೆಳೆಯರು ದಿನವೂ ಅರ್ಧ ಗಂಟೆ ಉಳಿದು ಪಗಾರದ ಲೆಕ್ಕ, ಪ್ರಾವಿಡೆಂಟ್ ಫಂಡಿನ ಲೆಕ್ಕ ಕಲಿತಿದ್ದರು. ಅವರಿಗೆ ಒಂದೇ ತಿಂಗಳಲ್ಲಿ ಕೆಲಸ ಸಿಕ್ಕಿತು.

ಹುರುಪು ಇಂಗುವುದು ಸೋಮಾರಿತನದಿಂದ ಎಂದು ಸಾಹೇಬರು ತಿಳಿಯುತ್ತಾರೆ. ಪಗಾರ ಸಾಲದ್ದರಿಂದ ಎಂದು ನಾವು ತಿಳಿಯುತ್ತೇವೆ. ಎರಡೂ ಅರ್ಧ ಸತ್ಯ. ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬವರು ಪಿಟ್ಸ್‌ಬರ್ಗಿನ ಸುಮಾರು 200 ಮಂದಿ ಇಂಜಿನಿಯರರನ್ನೂ ಲೆಕ್ಕಿಗರನ್ನೂ ವಿಚಾರಿಸಿ 1959ರಲ್ಲಿ ಪುಸ್ತಕ ಪ್ರಕಟಿಸಿದರು. ಪಗಾರ, ಮೇಲಿನವರ ನಡತೆ, ಕಂಪನಿಯ ಕಟ್ಟಳೆ ಇವು ಕೆಟ್ಟರೆ ಮನಸ್ಸು ಮುರಿಯುತ್ತದೆ. ಆದರೆ ಇವು ನೆಟ್ಟಗಿದ್ದ ಮಾತ್ರಕ್ಕೆ ಹುರುಪು ಹುಟ್ಟದು. ಕೆಲಸವೊಂದನ್ನು ಪೂರೈಸಿದಾಗ, ಅದನ್ನು ಒಬ್ಬರು ಮೆಚ್ಚಿದಾಗ, ಹೊಣೆ ಹೆಗಲಿಗೆ ಬಂದಾಗ ಹುರುಪು ಹುಟ್ಟುತ್ತದೆ ಎಂದು ಅವರ ಮತ. ಇದನ್ನು ಒಪ್ಪದ ಪಂಡಿತರೂ ಇದ್ದಾರೆ. ಇದೇ ಮಾತು ಹಿಡಿದು ಪಗಾರಕ್ಕೆ ಕತ್ತರಿ ಹಾಕುವ ಧಣಿಗಳಿಗೆ ನಾವು ತಲೆದೂಗಬೇಕಾಗಿಲ್ಲ. ಹೊಟ್ಟೆಯ ಮಾತು ಮೊದಲು.

ಅಮೆರಿಕ ದೂರವಾಯಿತೆಂದರೆ ಅಹಮದಾಬಾದನ್ನು ನೋಡಿ. ಅಲ್ಲಿನ ಕ್ಯಾಲಿಕೋ ಮಿಲ್ಲಿನಲ್ಲಿ ಸ್ವಯಂಚಾಲಿತ ಮಗ್ಗಗಳು ಬಂದರೂ ನಿರೀಕ್ಷಿಸಿದಷ್ಟು ಬಟ್ಟೆ ಬರಲಿಲ್ಲ. ಒಬ್ಬೊಬ್ಬನಿಗೆ ಒಂದೊಂದು ತುಂಡು ಕೆಲಸ. ಇಡೀ ಮಗ್ಗ ಯಾರದೂ ಅಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರ ಸಲಹೆಯಂತೆ ಕೆಲವು ಮಗ್ಗಗಳ ಪೂರ್ತಿ ಹೊಣೆಯನ್ನು ಒಂದು ಚಿಕ್ಕ ಗುಂಪಿಗೆ ಒಪ್ಪಿಸಲಾಯಿತು. ಕೆಲಸಗಾರರು ತಾವೇ ಮುಂದಾಗಿ ಗುಂಪು ಕಟ್ಟಿಕೊಂಡರು. ಬಟ್ಟೆ ಹೆಚ್ಚಿತು, ಕೆಡುವುದು ಕಡಿಮೆಯಾಯಿತು.

ಇನ್ನು ನಮ್ಮ ಸೀಮೆಯ ಮಾತು. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಂಡಳ ಹುಟ್ಟಿದ ಮೇಲೆ ಥಾಣೆಯ ವಾಗಳೆ ಎಸ್ಟೇಟು, ಥಾಣೆ-ಬೇಲಾಪುರ ರಸ್ತೆ, ಡೊಂಬಿವಲಿಗಳಲ್ಲಿ ಕಾರಖಾನೆಗಳು ಸಾಲುಗಟ್ಟಿದವು. ಮುಂಬಯಿಯಲ್ಲಿ 1982ರ ಜನವರಿ 18ರಂದು ಮೊದಲಾದ ಮುಷ್ಕರದ ತರುವಾಯ ಅನೇಕ ಬಟ್ಟೆ ಮಿಲ್ಲುಗಳು ಮುಚ್ಚಿದವು. ಕಲ್ಯಾಣದ ಬಳಿಯ ಮೋಹನೆಯ ರೇಯಾನ್ ಕಾರಖಾನೆ 2009ರಲ್ಲಿ ನಿಂತಿತು. ನವಿಮುಂಬಯಿಯ ಐರೋಳಿ, ಮಹಾಪೆಗಳಲ್ಲಿ ಇಂದು ಕಂಪ್ಯೂಟರ್ ಕಚೇರಿಗಳು ಎದ್ದಿವೆ. ಬಾಗಿಲು ಮುಚ್ಚುವುದು ನಮ್ಮ ಕೈಯಲ್ಲಿಲ್ಲ; ಮುಚ್ಚುವ ಮುನ್ನ ಕಲಿಯುವುದು ನಮ್ಮ ಕೈಯಲ್ಲಿದೆ.

ಏನು ಮಾಡಬೇಕು? ನಿಮ್ಮ ಕೈಗೆ ಬಂದ ಕಾಗದ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ತಿಳಿಯಿರಿ. ಪಕ್ಕದ ಮೇಜಿನ, ಪಕ್ಕದ ಯಂತ್ರದ ಕೆಲಸ ಕಲಿಯಿರಿ. ಕಲಿತುದನ್ನು ತಿಂಗಳಿಗೊಮ್ಮೆ ಒಂದು ವಹಿಯಲ್ಲಿ ಬರೆದಿಡಿ. ಮುಂದೆ ಅರ್ಜಿ ಬರೆಯುವಾಗ ಅದೇ ನಿಮ್ಮ ಬಂಡವಾಳ. ಮರಾಠಿ ಮಾತಾಡಿದರೆ ಸಾಲದು, ಓದಿ ಬರೆಯಲೂ ಬರಲಿ. ಕಾರಕೂನರು ಕಂಪ್ಯೂಟರಿನಲ್ಲಿ ಲೆಕ್ಕ ಇಡುವುದನ್ನು ಕಲಿಯಲಿ. ಊರಿನಿಂದ ಬಂದ ಹುಡುಗರನ್ನು ಸಿಕ್ಕ ಕೆಲಸಕ್ಕೆ ನೂಕದೆ ಐ.ಟಿ.ಐ.ಗೆ ಕಳಿಸಿ; 1961ರ ಅಪ್ರೆಂಟಿಸ್ ಕಾಯಿದೆಯಂತೆ ಭತ್ಯೆ ಪಡೆದು ಕಸಬು ಕಲಿಯುವ ದಾರಿಯೂ ಇದೆ. ನಿಮ್ಮ ಕೈಕೆಳಗೆ ಹೊಸಬನೊಬ್ಬ ಬಂದರೆ, ಕೆಲಸ ಏತಕ್ಕೆಂದು ಅವನಿಗೆ ಹೇಳಿ. ನಮಗೆ ಯಾರೂ ಹೇಳಲಿಲ್ಲ.

ದಣಿದು ಬಂದವರಿಗೆ ಇದೆಲ್ಲ ಸಾಧ್ಯವೇ ಎನ್ನುವಿರಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರು ನಮ್ಮ ಹಿರಿಯರೇ ಅಲ್ಲವೇ? ಈ ವಾಚನಾಲಯದಲ್ಲಿ ದೀಪವಿದೆ, ಮೇಜಿದೆ, ಕಾಸು ಕೇಳುವವರಿಲ್ಲ. ದಿನಕ್ಕೆ ಅರ್ಧ ಗಂಟೆ ಬನ್ನಿ. "ನಿಮಗೆ ಏನು ಕೆಲಸ ಬರುತ್ತದೆ?" ಎಂದು ನಾಳೆ ಯಾರಾದರೂ ಕೇಳಿದರೆ, ನಮ್ಮಂತೆ ವರ್ಷಗಳನ್ನು ಎಣಿಸುವ ಗತಿ ನಿಮಗೆ ಬಾರದಿರಲಿ.