ಯೀಸ್ಟಿನ ಪುಡಿ: ಅದರ ಗುಣ, ಅದರ ಮಿತಿ

(ರಾಜ್ಯೋತ್ಸವದ ಅಂಗವಾಗಿ ಮುಂಬಯಿಯಲ್ಲಿ ನಡೆದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡು ನುಡಿಗಳ ಮಾತು ಸಹಜವಾದುದು. ಕಾರ್ಯದರ್ಶಿಗಳು ನನಗೆ ಆರೋಗ್ಯದ ವಿಷಯವನ್ನು ಒಪ್ಪಿಸಿದ್ದಾರೆ. ಪರ ಊರಿನಲ್ಲಿ ಮಕ್ಕಳಿಗೆ ಕನ್ನಡವನ್ನು ಕಲಿಸುವವಳು ಹೆಚ್ಚಾಗಿ ಮನೆಯ ತಾಯಿ. ಆಕೆಯೇ ನಿಶ್ಶಕ್ತಳಾಗಿ ಮಲಗಿದರೆ ಗತಿಯೇನು? ಆದುದರಿಂದ ಈ ವಿಷಯ ಇಲ್ಲಿ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಔಷಧದ ಅಂಗಡಿಗಳಲ್ಲಿ ‘ಬ್ರೂವರ್ಸ್ ಯೀಸ್ಟ್’ ಎಂಬ ಪುಡಿಯೂ ಮಾತ್ರೆಗಳೂ ದೊರೆಯುತ್ತವೆ. ಆಯಾಸಕ್ಕೆ, ಕೂದಲು ಉದುರುವುದಕ್ಕೆ, ಮೈಕಾಂತಿಗೆ, ಬಾಣಂತಿಯ ಎದೆಹಾಲಿಗೆ, ಎಲ್ಲಕ್ಕೂ ಇದೊಂದೇ ಮದ್ದೆಂದು ಹೇಳುವವರುಂಟು. ‘ಇದು ಹೆಂಡದ ಸಂಬಂಧದ್ದು, ಮನೆಯೊಳಗೆ ತರಕೂಡದು’ ಎನ್ನುವ ಹಿರಿಯರೂ ಉಂಟು. ಈ ಎರಡು ಮಾತುಗಳೂ ಪೂರ್ತಿ ನಿಜವಲ್ಲ.

ಯೀಸ್ಟ್ ಎಂಬುದು ಕಣ್ಣಿಗೆ ಕಾಣದಷ್ಟು ಸಣ್ಣದಾದ, ಒಂದೇ ಕೋಶದ ಜೀವಿ. ಅದು ಅಣಬೆಯ ಬಳಗಕ್ಕೆ ಸೇರಿದ್ದು, ಪ್ರಾಣಿಯಲ್ಲ. ನಮ್ಮ ಇಡ್ಲಿಯ ಹಿಟ್ಟನ್ನು ಮುಖ್ಯವಾಗಿ ಬ್ಯಾಕ್ಟೀರಿಯಾಗಳು ಉಬ್ಬಿಸುತ್ತವೆ. ಈ ನಗರದ ಪಾವನ್ನು ಉಬ್ಬಿಸುವುದು ಯೀಸ್ಟ್. ಬಿಯರ್ ತಯಾರಿಸುವಾಗಲೂ ಸಕ್ಕರೆಯ ಅಂಶವನ್ನು ಮದ್ಯಸಾರವಾಗಿ ಮಾರ್ಪಡಿಸುವುದು ಇದೇ. ಆ ಕೆಲಸ ಮುಗಿದ ಮೇಲೆ ಉಳಿಯುವ ಯೀಸ್ಟನ್ನು ಬೇರ್ಪಡಿಸಿ, ನಿರ್ಜೀವಗೊಳಿಸಿ, ಒಣಗಿಸಿದಾಗ ಈ ಪುಡಿ ದೊರೆಯುತ್ತದೆ. ಇದರಲ್ಲಿ ಮತ್ತು ಬರಿಸುವ ಗುಣವಿಲ್ಲ. ಸ್ವಲ್ಪ ಕಹಿ ಇದೆ, ಅಷ್ಟೆ. ತೂಕದ ಸುಮಾರು ಅರ್ಧದಷ್ಟು ಪ್ರೋಟೀನು, ಜೊತೆಗೆ ‘ಬಿ’ ವರ್ಗದ ಬಹುತೇಕ ಜೀವಸತ್ವಗಳು ಇದರಲ್ಲಿವೆ.

ಇದರ ಮಹಿಮೆ ಬೆಳಕಿಗೆ ಬಂದ ಕಥೆಯಲ್ಲಿ ನಮ್ಮ ಈ ನಗರಕ್ಕೆ ದೊಡ್ಡ ಪಾತ್ರವಿದೆ. 1928ರಲ್ಲಿ ಡಾ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಸಂಶೋಧನೆಗೆ ತೊಡಗಿದರು. ಆಗ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಒಂದು ಬಗೆಯ ಘೋರ ರಕ್ತಹೀನತೆ ಕಾಡುತ್ತಿತ್ತು; ಎಷ್ಟೋ ಮಂದಿ ಹೆರಿಗೆಯ ಆಸುಪಾಸಿನಲ್ಲೇ ಪ್ರಾಣ ಬಿಡುತ್ತಿದ್ದರು. ವಿಲ್ಸ್ ಮೊದಲು ರೋಗಾಣುವನ್ನು ಹುಡುಕಿದರು, ಸಿಗಲಿಲ್ಲ. ಬಳಿಕ ಆ ಹೆಂಗಸರು ಉಣ್ಣುವ ಊಟವನ್ನೇ ಪರೀಕ್ಷಿಸಿದರು. ಕೂನೂರಿನ ಪ್ರಯೋಗಶಾಲೆಯಲ್ಲಿಯೂ ಇಲ್ಲಿಯೂ ಇಲಿಗಳಿಗೆ, ಕೋತಿಗಳಿಗೆ ಅಂಥದೇ ಆಹಾರವನ್ನು ಕೊಟ್ಟು ನೋಡಿದರು. ಕೊನೆಗೆ ಬ್ರೂವರ್ಸ್ ಯೀಸ್ಟಿನ ಸಾರವಾದ ‘ಮಾರ್ಮೈಟ್’ ಎಂಬ ಅಗ್ಗದ ಪದಾರ್ಥವನ್ನು ಕೊಟ್ಟಾಗ ಕೋತಿಯ ರಕ್ತ ಸುಧಾರಿಸಿತು. ಗರ್ಭಿಣಿಯರೂ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳತೊಡಗಿದರು. ಈ ಫಲಿತಾಂಶವನ್ನು ಅವರು 1931ರಲ್ಲಿ ಪ್ರಕಟಿಸಿದರು.

ಯೀಸ್ಟಿನಲ್ಲಿ ಅಡಗಿದ್ದ ಆ ವಸ್ತುವಿಗೆ ಬಹುಕಾಲ ‘ವಿಲ್ಸ್ ಅಂಶ’ ಎಂದೇ ಹೆಸರಿತ್ತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು; ಎಲೆಯಿಂದ ದೊರೆತುದರಿಂದ ‘ಫೋಲಿಕ್ ಆಮ್ಲ’ ಎಂದು ಕರೆದರು. ಇಂದು ಗರ್ಭಿಣಿಯರಿಗೆ ಸರ್ಕಾರದ ವತಿಯಿಂದ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದೊಡನೆ 500 ಮೈಕ್ರೋಗ್ರಾಂನಷ್ಟು ಇರುವುದು ಇದೇ ಫೋಲಿಕ್ ಆಮ್ಲ.

ಹಾಗಾದರೆ ಎಲ್ಲರೂ ಯೀಸ್ಟಿನ ಪುಡಿ ತಿನ್ನಬಹುದೆ? ಬೇಕೆನಿಸಿದವರು ಅರ್ಧ ಚಹಾ ಚಮಚದಿಂದ ಆರಂಭಿಸಲಿ. ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯುಬ್ಬರ ಬರುವುದುಂಟು. ಮಜ್ಜಿಗೆಗೆ ಕದಡಿಕೊಳ್ಳಬಹುದು, ಚಟ್ನಿಪುಡಿಯೊಡನೆ ಕಲಸಿದರೆ ಕಹಿ ಮರೆಯಾಗುತ್ತದೆ, ಸಾರಿಗೆ ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು. ಬ್ರೆಡ್ಡಿಗೆ ಬಳಸುವ ಜೀವಂತ ಯೀಸ್ಟನ್ನು ಮಾತ್ರ ಹಸಿಯಾಗಿ ತಿನ್ನಕೂಡದು. ಕೀಲುಗಳಲ್ಲಿ ಯೂರಿಕ್ ಆಮ್ಲ ತುಂಬುವ ಗೌಟ್ ರೋಗವುಳ್ಳವರು ಇದನ್ನು ದೂರವಿಡುವುದು ಲೇಸು. ಖಿನ್ನತೆಗೆ ಕೊಡುವ ಎಂ.ಎ.ಒ. ಪ್ರತಿಬಂಧಕ ಎಂಬ ಔಷಧಗಳನ್ನು ಸೇವಿಸುವವರಿಗೂ ಇದು ಅಪಾಯಕರ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ಕೂದಲು, ಮೈಕಾಂತಿ, ಎದೆಹಾಲು ಇವುಗಳ ಬಗೆಗೆ ಹೇಳುವ ಮಾತುಗಳಿಗೆ ಆಧಾರ ಸಾಲದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬರಿಯ ಯೀಸ್ಟಿನಲ್ಲಿ ‘ಬಿ12’ ಜೀವಸತ್ವ ಇರುವುದಿಲ್ಲ. ಬೆರೆಸಿದ್ದರೆ ಡಬ್ಬಿಯ ಮೇಲೆ ನಮೂದಿಸಿರುತ್ತಾರೆ. ಅದು ನಮಗೆ ದೊರೆಯುವುದು ಹಾಲು ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ. ಸಸ್ಯಾಹಾರಿಗಳ ಮನೆಗಳಲ್ಲಿ ಇದರ ಕೊರತೆ ಸಾಮಾನ್ಯ. ಬಿ12 ಕಡಿಮೆಯಾದವರು ಫೋಲಿಕ್ ಆಮ್ಲವೊಂದನ್ನೇ ಹೇರಳವಾಗಿ ಸೇವಿಸಿದರೆ ರಕ್ತವೇನೋ ಸುಧಾರಿಸಿದಂತೆ ಕಾಣುತ್ತದೆ. ಆದರೆ ಒಳಗೆ ನರಗಳ ಹಾನಿ ಮುಂದುವರಿಯುತ್ತದೆ. ಪಾದ ಜೋಮು ಹಿಡಿಯುವುದು, ನಡಿಗೆ ತಡವರಿಸುವುದು, ಮರೆವು ಇವೆಲ್ಲ ಅದರ ಸೂಚನೆಗಳಾಗಿರಬಹುದು. ತಡಮಾಡಿದರೆ ಆ ಹಾನಿ ಪೂರ್ತಿ ಸರಿಹೋಗದು. ಇನ್ನು ಕಬ್ಬಿಣದ ಕೊರತೆಗಂತೂ ಈ ಪುಡಿ ಮದ್ದೇ ಅಲ್ಲ. ಆದುದರಿಂದ ಆಯಾಸವೆಂದು ಡಬ್ಬಿ ಕೊಳ್ಳುವ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಿಣಿಯರು ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಇದನ್ನು ನೆಚ್ಚಬಾರದು.

ವಿಲ್ಸ್ ಯೀಸ್ಟಿನಲ್ಲಿ ಕಂಡ ವಸ್ತು ನಮ್ಮ ಅಡುಗೆಮನೆಗೆ ಹೊಸದಲ್ಲ. ಸೊಪ್ಪು, ಹೆಸರು, ಕಡಲೆ, ಅಲಸಂದೆಗಳಲ್ಲಿ ಅದು ಉಂಟು. ಹೆಚ್ಚು ಬೇಯಿಸಿದರೆ ನಾಶವಾಗುತ್ತದೆ. ಬೇಯಿಸಿದ ನೀರನ್ನು ಚೆಲ್ಲಿದರೆ ಅದರೊಡನೆ ಹೋಗುತ್ತದೆ. ಮೈಸೂರು ಸೀಮೆಯವರು ಸೊಪ್ಪು ಕಾಳು ಬಸಿದ ನೀರಿನಿಂದಲೇ ಬಸ್ಸಾರು ಮಾಡುತ್ತಾರೆ. ಉತ್ತರ ಕರ್ನಾಟಕದವರು ರೊಟ್ಟಿಯೊಡನೆ ಹಸಿ ಮೆಂತ್ಯೆ ಸೊಪ್ಪನ್ನೇ ತಿನ್ನುತ್ತಾರೆ. ಪಟ್ಟಣದ ಅವಸರದಲ್ಲಿ ಇವನ್ನು ಬಿಟ್ಟು, ಪಾವು ಚಹಾದಲ್ಲೇ ಹೊತ್ತು ಕಳೆದು, ಆಮೇಲೆ ಡಬ್ಬಿಗೆ ಹಣ ಸುರಿಯುವುದು ಲೆಕ್ಕಾಚಾರವಲ್ಲ.

ಕಡೆಯದಾಗಿ ಮನೆಯ ಯಜಮಾನರಲ್ಲಿ ಒಂದು ಅರಿಕೆ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ತಿಳಿಸಾರಿನಲ್ಲಿ ಊಟ ಮುಗಿಸುವ ಹೆಂಗಸರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಪಲ್ಯವೂ ಕಾಳೂ ಅವರ ತಟ್ಟೆಗೆ ಮೊದಲೇ ಬೀಳಲಿ. ಆ ಮೇಲೆ ಯೀಸ್ಟಿನ ಪುಡಿ ಬೇಕೋ ಬೇಡವೋ ಎಂಬುದನ್ನು ವೈದ್ಯರೊಡನೆ ಕೂತು ವಿಚಾರಿಸೋಣ.