ಒಂದು ರಾತ್ರಿಯ ಕಾನೂನು, ಇಪ್ಪತ್ತು ವರ್ಷದ ಮೌನ

(ಜುಮಾ ಖುತ್ಬಾದ ಸಾರಾಂಶ)

 



ಮೊನ್ನೆ ಇಷಾ ನಮಾಜಿನ ನಂತರ ಕಾಲೇಜು ಓದುವ ಹುಡುಗನೊಬ್ಬ ನಮ್ಮ ಬಳಿ ಬಂದ. "ಹಜ್ರತ್, 2023ರಲ್ಲಿ ಸುಪ್ರೀಂ ಕೋರ್ಟು ಇಪ್ಪತ್ತಾರು ವಾರದ ಬಸುರಿಗೆ ಗರ್ಭಪಾತ ಕೊಡಲ್ಲ ಅಂದಿತಲ್ಲ, ನಮ್ಮ ದೀನ್ ಹೇಳೋದೂ ಅದೇ ಅಲ್ವಾ? ಕ್ಲಾಸಲ್ಲಿ ನಾನು ಹಾಗೇ ಹೇಳಿದೆ. ಹುಡುಗಿಯರು ಜಗಳಕ್ಕೇ ಬಂದ್ರು" ಎಂದ. ಆ ಹೆಂಗಸು ಕೋರ್ಟಿಗೆ ಯಾಕೆ ಹೋಗಿದ್ದಳು ಗೊತ್ತೇನಪ್ಪಾ ಎಂದು ಕೇಳಿದೆವು. ಗೊತ್ತಿಲ್ಲ ಎಂದ. ಗೊತ್ತಿಲ್ಲದೆ ತೀರ್ಪು ಕೊಡುವುದು ಅವನೊಬ್ಬನ ತಪ್ಪಲ್ಲ, ನಮ್ಮೆಲ್ಲರ ರೋಗ. ಈ ಶುಕ್ರವಾರ ಅದರ ಬಗ್ಗೆಯೇ ಮಾತಾಡೋಣ ಎಂದುಕೊಂಡೆವು. ಮಿಂಬರಿನ ಮೇಲೆ ಇಂಥ ವಿಷಯವೇ ಎಂದು ಕೆಲವರಿಗೆ ಮುಜುಗರವಾಗಬಹುದು. ಮದೀನಾದ ಮಸೀದಿಯಲ್ಲಿ ಹೆಣ್ಣುಮಕ್ಕಳು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಗಳನ್ನು ಪ್ರವಾದಿ(ಸ)ರನ್ನೇ ಕೇಳುತ್ತಿದ್ದರು.

ಮೊದಲು ನಮ್ಮದೇ ನಾಡಿನ ಒಬ್ಬ ಹೆಣ್ಣುಮಗಳ ಕಥೆ ಕೇಳಿ. ಸವಿತಾ ಹಾಲಪ್ಪನವರ್, ಬೆಳಗಾವಿಯವಳು, ದಂತವೈದ್ಯೆ. ಗಂಡನ ಜೊತೆ ಐರ್ಲೆಂಡ್ ದೇಶದ ಗಾಲ್ವೇ ಎಂಬ ಊರಿನಲ್ಲಿದ್ದಳು. ವಯಸ್ಸು 31. ಮೊದಲ ಬಸುರು, ಹದಿನೇಳನೇ ವಾರ. 2012ರ ಅಕ್ಟೋಬರ್ 21ರಂದು ಬೆನ್ನುನೋವು ಎಂದು ಆಸ್ಪತ್ರೆಗೆ ಹೋದಳು. ಗರ್ಭ ನಿಲ್ಲುವುದಿಲ್ಲ, ಮಗು ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದರು. ಹಾಗಿದ್ದರೆ ತೆಗೆದುಬಿಡಿ ಎಂದು ಅವಳು ಬೇಡಿಕೊಂಡಳು. ಭ್ರೂಣದ ಎದೆಬಡಿತ ಇನ್ನೂ ಇದೆ, ಇಲ್ಲಿಯ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನೂ ಒಬ್ಬ ಸೂಲಗಿತ್ತಿ ನರ್ಸ್ ಆಡಿದ್ದಳು, ಅದನ್ನು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡಳು. ಎದೆಬಡಿತ ನಿಲ್ಲಲಿ ಎಂದು ಕಾಯುತ್ತಿರುವಾಗ ನಂಜು ತಾಯಿಯ ರಕ್ತಕ್ಕೇರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ಆಸ್ಪತ್ರೆಯ ತಪ್ಪುಗಳು ಇರಲಿಲ್ಲವೆಂದಲ್ಲ. ಅವಳನ್ನು ಉಳಿಸಿಕೊಳ್ಳಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವು ಎಂದು ಅಲ್ಲಿಯ ಸರ್ಕಾರಿ ತಪಾಸಣಾ ಸಂಸ್ಥೆಯೇ 2013ರಲ್ಲಿ ವರದಿ ಕೊಟ್ಟಿತು. ಆದರೆ ವೈದ್ಯರ ಕೈ ಕಟ್ಟಿದ್ದ ಆ ಕಾನೂನಿನ ಗೊಂದಲ ಎಲ್ಲಿಂದ ಬಂತು? ಅದನ್ನು ತಿಳಿಯಬೇಕಾದರೆ ಇನ್ನೂ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

1983ರಲ್ಲಿ ಐರ್ಲೆಂಡಿನವರು ಮತ ಹಾಕಿ, ತಾಯಿಯ ಜೀವದ ಹಕ್ಕು, ಹುಟ್ಟದ ಕೂಸಿನ ಜೀವದ ಹಕ್ಕು ಎರಡೂ ಸಮ ಎಂದು ಸಂವಿಧಾನದಲ್ಲೇ ಬರೆದುಕೊಂಡರು. 1992ರಲ್ಲಿ ಅತ್ಯಾಚಾರಕ್ಕೆ ಸಿಕ್ಕ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಗರ್ಭಿಣಿಯಾದಳು. ತಂದೆತಾಯಿ ಅವಳನ್ನು ಇಂಗ್ಲೆಂಡಿಗೆ ಕರೆದೊಯ್ದರು. ಸರ್ಕಾರದ ವಕೀಲರು ಹೈಕೋರ್ಟಿಗೆ ಹೋಗಿ, ಅವಳು ಗರ್ಭಪಾತಕ್ಕಾಗಿ ದೇಶ ಬಿಡುವಂತಿಲ್ಲ ಎಂದು ತಡೆ ತಂದರು. ಹುಡುಗಿ ಸಾಯುತ್ತೇನೆ ಎನ್ನುತ್ತಿದ್ದಳು. ಜನ ಬೀದಿಗಿಳಿದರು. ಒಂದು ತಿಂಗಳೊಳಗೆ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದು, ತಾಯಿಯ ಜೀವಕ್ಕೆ ಅಪಾಯವಿದ್ದರೆ, ಆತ್ಮಹತ್ಯೆಯ ಅಪಾಯವಿದ್ದರೂ ಸರಿ, ಗರ್ಭಪಾತಕ್ಕೆ ಅವಕಾಶವಿದೆ ಎಂದಿತು. ಶಾಸನಸಭೆ ಇದಕ್ಕೊಂದು ಕಾನೂನು ಮಾಡದೆ ಕೂತದ್ದು ಕ್ಷಮಿಸಲಾಗದ್ದು ಎಂದು ಒಬ್ಬ ನ್ಯಾಯಮೂರ್ತಿ ತೀರ್ಪಿನಲ್ಲೇ ಬರೆದರು.

ಆಮೇಲೆ? ಸರ್ಕಾರಗಳು ಬಂದವು, ಹೋದವು. ಯಾರೂ ಕಾನೂನು ಮಾಡಲಿಲ್ಲ. ಯಾವ ಅಪಾಯ ಎಷ್ಟಾದಾಗ ವೈದ್ಯ ಮುಂದುವರಿಯಬಹುದು ಎಂದು ಬರೆದುಕೊಡಲಿಲ್ಲ. 2010ರಲ್ಲಿ ಯುರೋಪಿನ ಮಾನವಹಕ್ಕು ನ್ಯಾಯಾಲಯವೂ ಹೇಳಿತು, ಆಗಲೂ ಇಲ್ಲ. ಎಲ್ಲ ಪಕ್ಷಗಳಿಗೂ ಓಟಿನ ಭಯ. ಇಂಥ ವಿಷಯ ಮುಟ್ಟಿದರೆ ಕೈ ಸುಡುತ್ತದೆ, ಮುಂದಿನವರು ನೋಡಿಕೊಳ್ಳಲಿ ಎಂದು ಇಪ್ಪತ್ತು ವರ್ಷ ದೂಡಿದರು. ಆ ಇಪ್ಪತ್ತು ವರ್ಷದ ಬಡ್ಡಿಯನ್ನು ಕಟ್ಟಿದವಳು ಬೆಳಗಾವಿಯ ಮಗಳು.

ಅವಳು ಸತ್ತ ಸುದ್ದಿ ನವೆಂಬರ್ 14ರಂದು ಪತ್ರಿಕೆಯಲ್ಲಿ ಬಂದ ಮೇಲೆ ಸಾವಿರಾರು ಜನ ಮೇಣದಬತ್ತಿ ಹಿಡಿದು ನಿಂತರು. 2013ರಲ್ಲಿ ಕಾನೂನಾಯಿತು. 2018ರ ಮೇ 25ರಂದು ಶೇ. 66.4 ಮತದಾರರು ಸಂವಿಧಾನದ ಆ ಕಲಮನ್ನೇ ತೆಗೆದುಹಾಕಿದರು. ಹೊಸ ಕಾನೂನಿಗೆ ನನ್ನ ಮಗಳ ಹೆಸರಿಡಿ ಎಂದು ಬೆಳಗಾವಿಯಿಂದ ಅವಳ ತಂದೆ ಕೇಳಿಕೊಂಡರು. ಅಲ್ಲೀಗ ಹನ್ನೆರಡು ವಾರದವರೆಗೆ ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶವಿದೆ. ಅದು ನಮ್ಮ ಶರೀಅತ್ತಿಗೆ ಒಪ್ಪುವಂಥದ್ದಲ್ಲ, ಅದನ್ನು ಬಚ್ಚಿಡುವುದಿಲ್ಲ. ಆದರೆ ಸಾಯುತ್ತಿರುವ ತಾಯಿಯ ಮುಂದೆ ಕೈಕಟ್ಟಿ ನಿಲ್ಲುವುದೂ ನಮ್ಮ ಶರೀಅತ್ ಅಲ್ಲ.

ಈಗ ಮದೀನಾಕ್ಕೆ ಬನ್ನಿ. ಇಬ್ನು ಸಅದ್‌ರ ಗ್ರಂಥದಲ್ಲಿ ಬರುವ ಘಟನೆ. ಖಲೀಫಾ ಉಮರ್(ರ)ರ ಕಾಲ. ಮೊಲೆ ಬಿಡಿಸಿದ ಮಕ್ಕಳಿಗೆ ಖಜಾನೆಯಿಂದ ಭತ್ಯೆ ಎಂದು ಅವರು ನಿಯಮ ಮಾಡಿದ್ದರು. ಕೇಳಲು ಒಳ್ಳೆಯ ನಿಯಮವೇ. ಒಂದು ರಾತ್ರಿ ಊರಿಗೆ ವರ್ತಕರ ಗುಂಪೊಂದು ಬಂದಿಳಿದಿತ್ತು. ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಇಬ್ಬರೇ ಅವರ ಕಾವಲಿಗೆ ಹೋದರು. ಒಂದು ಕೂಸು ಅಳುತ್ತಿತ್ತು. ಉಮರ್(ರ) ತಾಯಿಯ ಹತ್ತಿರ ಹೋಗಿ, ಅಲ್ಲಾಹನನ್ನು ಭಯಪಡು, ಮಗುವನ್ನು ಚೆನ್ನಾಗಿ ನೋಡಿಕೋ ಎಂದರು. ಮತ್ತೆ ಅಳು. ಮತ್ತೆ ಹೋದರು. ಬೆಳಗಿನ ಜಾವ ಮೂರನೆಯ ಸಲ ಹೋದಾಗ ಬೇಸರವಾಗಿ, ನೀನೆಂಥ ತಾಯಿ ಎಂದೇ ಕೇಳಿಬಿಟ್ಟರು. ಎದುರಿಗಿರುವುದು ಯಾರೆಂದು ಅವಳಿಗೆ ತಿಳಿಯದು. ರಾತ್ರಿಯಿಡೀ ಕಾಡುತ್ತಿದ್ದೀಯಲ್ಲ, ಮೊಲೆ ಬಿಡಿಸಲು ನೋಡುತ್ತಿದ್ದೇನೆ, ಕೂಸು ಒಪ್ಪುತ್ತಿಲ್ಲ ಎಂದಳು. ಇಷ್ಟು ಬೇಗ ಯಾಕೆ ಎಂದರೆ, ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುವುದು, ಅದಕ್ಕೆ ಎಂದಳು.

ಆ ಫಜರ್ ನಮಾಜಿನಲ್ಲಿ ಅವರ ಅಳುವಿನಿಂದಾಗಿ ಕಿರಾಅತ್ ಏನೆಂದು ಹಿಂದೆ ನಿಂತವರಿಗೆ ಸರಿಯಾಗಿ ತಿಳಿಯಲಿಲ್ಲವಂತೆ. ಸಲಾಮ್ ಹೇಳಿದ ಮೇಲೆ, ಈ ಉಮರ್ ಎಷ್ಟು ಮಕ್ಕಳನ್ನು ಕೊಂದನೋ ಎಂದು ತಮ್ಮನ್ನೇ ಹಳಿದುಕೊಂಡರು. ಮೊಲೆ ಬಿಡಿಸಲು ಅವಸರ ಮಾಡಬೇಡಿ, ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ಡಂಗುರ ಹೊಡೆಸಿದರು, ಎಲ್ಲ ಪ್ರಾಂತಗಳಿಗೂ ಬರೆದು ಕಳಿಸಿದರು.

ಮಗು ಸತ್ತಿರಲಿಲ್ಲ, ಗಮನಿಸಿ. ಯಾರೂ ಮೊಕದ್ದಮೆ ಹೂಡಿರಲಿಲ್ಲ, ಮೆರವಣಿಗೆ ಮಾಡಿರಲಿಲ್ಲ. ಒಂದು ಅಳು ಸಾಕಾಯಿತು. ತಾಯಿಯನ್ನು ಬೈದ ಬಾಯಿಂದಲೇ ತಪ್ಪು ನನ್ನ ನಿಯಮದ್ದು ಎಂದರು.

ಇನ್ನು ಆ ಹುಡುಗ ಕೇಳಿದ ತೀರ್ಪು. ಆ ಹೆಂಗಸಿಗೆ 27 ವರ್ಷ, ಎರಡು ಮಕ್ಕಳು. ಎರಡನೆಯದಕ್ಕೆ ಹಾಲೂಡಿಸುತ್ತಿದ್ದಾಗ ಮುಟ್ಟು ನಿಂತಿದ್ದರಿಂದ ಬಸುರಾದದ್ದೇ ತಿಳಿಯಲಿಲ್ಲ. ಹಿಂದಿನ ಹೆರಿಗೆಯ ನಂತರ ಬಂದ ಬಾಣಂತಿ ಮನೋರೋಗಕ್ಕೆ ಔಷಧಿ ತಿನ್ನುತ್ತಿದ್ದಳು. 2023ರ ಅಕ್ಟೋಬರ್ 9ರಂದು ಇಬ್ಬರು ನ್ಯಾಯಮೂರ್ತಿಗಳು ಒಪ್ಪಿಗೆ ಕೊಟ್ಟರು. ಮಗು ಜೀವಂತ ಹುಟ್ಟುವ ಸಂಭವವಿದೆ, ಎದೆಬಡಿತ ನಿಲ್ಲಿಸಬೇಕೇ ಎಂದು ಆಸ್ಪತ್ರೆಯವರು ಕೇಳಿದಾಗ ಅದೇ ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂತು. ತಾಯಿಯ ನಿರ್ಧಾರವನ್ನು ಗೌರವಿಸಬೇಕು ಎಂದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ನಾಗರತ್ನ. ಕೊನೆಗೆ ಅಕ್ಟೋಬರ್ 16ರಂದು ಮೂವರ ಪೀಠ ಆಗದು ಎಂದಿತು. 1971ರ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ ಮಿತಿ 24 ವಾರ, ಅದೂ ಕೆಲವರಿಗೆ ಮಾತ್ರ. ಆಮೇಲಾದರೆ ತಾಯಿಯ ಜೀವ ಉಳಿಸಲು, ಇಲ್ಲವೇ ಭ್ರೂಣದಲ್ಲಿ ದೊಡ್ಡ ಊನವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಮಾತ್ರ.

ನಮ್ಮ ಫಿಕ್ಹ್ ಏನು ಹೇಳುತ್ತದೆ? ಹದೀಸಿನ ಪ್ರಕಾರ 120 ದಿನಕ್ಕೆ ರೂಹ್ ಊದಲಾಗುತ್ತದೆ. ಅದಾದ ಮೇಲೆ ತಾಯಿಯ ಜೀವಕ್ಕೆ ಅಪಾಯವಿದೆ ಎಂದು ನಂಬಿಕಸ್ಥ ವೈದ್ಯರು ಹೇಳಿದರೆ ಹೊರತು ಗರ್ಭ ತೆಗೆಯುವುದು ಹರಾಮ್. ಅದಕ್ಕೆ ಮೊದಲೂ ಮನಬಂದಂತೆ ಅಲ್ಲ. ಆದರೆ ಗಟ್ಟಿಯಾದ ಕಾರಣವಿದ್ದರೆ ಹನಫೀ ವಿದ್ವಾಂಸರಲ್ಲಿ ಅನೇಕರು ಅವಕಾಶ ಕೊಟ್ಟಿದ್ದಾರೆ. ಅವರು ಕೊಡುವ ಒಂದು ಉದಾಹರಣೆ ಏನು ಗೊತ್ತೇ? ಮಡಿಲಲ್ಲಿ ಹಾಲು ಕುಡಿಯುವ ಕೂಸಿದೆ, ಹೊಸ ಬಸುರಿನಿಂದ ಹಾಲು ಬತ್ತುತ್ತಿದೆ, ಬೇರೆ ಹಾಲೂಡುವವಳನ್ನು ಇಡಲು ತಂದೆಗೆ ಶಕ್ತಿಯಿಲ್ಲ! ನೂರಾರು ವರ್ಷಗಳ ಹಿಂದಿನ ಆ ಗಡ್ಡದ ಮುದುಕರು ಬಾಣಂತಿಯ ಕೋಣೆಯ ಕಷ್ಟವನ್ನು ನಮಗಿಂತ ಹತ್ತಿರದಿಂದ ನೋಡಿದ್ದರು. ಇನ್ನೊಂದು ಲೆಕ್ಕ ನೆನಪಿಡಿ. ವೈದ್ಯರು ವಾರ ಎಣಿಸುವುದು ಕೊನೆಯ ಮುಟ್ಟಿನಿಂದ, ನಾವು ಎಣಿಸುವುದು ಗರ್ಭ ನಿಂತಂದಿನಿಂದ. ಎರಡು ವಾರದ ವ್ಯತ್ಯಾಸ. ನಮ್ಮ 120 ದಿನ ಅವರಿಗೆ ಸುಮಾರು ಹತ್ತೊಂಬತ್ತು ವಾರ. ಸವಿತಾಳದು ಆ ಗಡಿಯೂ ದಾಟಿರಲಿಲ್ಲ.

ಹಾಗಾಗಿ ಆ ಹುಡುಗನಿಗೆ ಹೇಳಿದೆವು, ಇಪ್ಪತ್ತಾರು ವಾರಕ್ಕೆ ಕೋರ್ಟು ಹೇಳಿದ್ದು ನಮ್ಮ ಫಿಕ್ಹಿಗೆ ಹತ್ತಿರವೇ. ಆದರೆ ಅದರಲ್ಲಿ ಗೆಲುವಿನ ಸಂತೋಷ ಪಡುವಂಥದ್ದೇನಿದೆ? ಅಷ್ಟು ವಾರವಾಗುವವರೆಗೆ ಆ ಬಾಣಂತಿಯನ್ನು ಒಬ್ಬರೂ ಸರಿಯಾಗಿ ಪರೀಕ್ಷಿಸಲಿಲ್ಲವೇಕೆ ಎಂದು ಕೇಳಿದವರು ಎಷ್ಟು ಜನ?

ಇನ್ನೊಂದು ಮಾತು, ಹೇಳಲು ಕಷ್ಟವಾದದ್ದು. ಹನ್ನೆರಡು ವರ್ಷದ ಹಿಂದೆ ನಾವು ಬೇರೊಂದು ಊರಿನ ಮಸೀದಿಯಲ್ಲಿದ್ದೆವು. ಅಸರ್ ಹೊತ್ತಿಗೆ ಒಬ್ಬ ಕೂಲಿಯವನು ಬಂದ. ಹೆಂಡತಿಗೆ ಮೂರು ತಿಂಗಳು, ಹೃದಯ ಸರಿಯಿಲ್ಲ, ಡಾಕ್ಟರು ಬೇಡ ಅಂತಾರೆ, ಅಮ್ಮ ನಿಮ್ಮನ್ನು ಕೇಳಿಕೊಂಡು ಬಾ ಅಂದಳು ಎಂದ. ನಮಗೆ ಮದುವೆ ಮನೆಗೆ ಹೊರಡುವ ಅವಸರ. ಹರಾಮ್, ಅಲ್ಲಾಹನ ಮೇಲೆ ಭರವಸೆ ಇಡು ಎಂದೆವು. ಎಷ್ಟು ದಿನವಾಯಿತು, ಡಾಕ್ಟರು ಏನು ಬರೆದಿದ್ದಾರೆ, ಒಂದೂ ಕೇಳಲಿಲ್ಲ. ಏಳನೆಯ ತಿಂಗಳಲ್ಲಿ ಮಗು ಹೋಯಿತು. ಅವಳು ಹನ್ನೊಂದು ದಿನ ಐಸಿಯುನಲ್ಲಿದ್ದು ಉಳಿದಳು, ಆದರೆ ಇಂದಿಗೂ ಒಂದು ಕೊಡ ನೀರು ಎತ್ತಲಾರಳು. ಅವನು ಸಿಕ್ಕಾಗಲೆಲ್ಲ ಸಲಾಮ್ ಹೇಳುತ್ತಾನೆ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಅಬೂದಾವೂದಿನಲ್ಲಿ ಬರುವ ಹದೀಸನ್ನು ನಾವು ಮದ್ರಸದಲ್ಲಿ ಓದಿದ್ದೆವು. ಪ್ರಯಾಣದಲ್ಲಿ ಒಬ್ಬರ ತಲೆಗೆ ಗಾಯವಾಗಿತ್ತು, ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಕೇಳಿದರೆ ಜೊತೆಯವರು ಇಲ್ಲ ಎಂದರು. ಸ್ನಾನ ಮಾಡಿ ಅವರು ಸತ್ತರು. ಪ್ರವಾದಿ(ಸ) ಕೋಪಗೊಂಡು, ಅವರೇ ಅವನನ್ನು ಕೊಂದರು, ತಿಳಿಯದಿದ್ದರೆ ಕೇಳಬಾರದಿತ್ತೇ ಎಂಬ ಅರ್ಥದ ಮಾತು ಹೇಳಿದರು. ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಆದ್ದರಿಂದ ಈಗ ಇಂಥ ಪ್ರಶ್ನೆ ಬಂದರೆ ಡಾಕ್ಟರ ಚೀಟಿ ತನ್ನಿ, ಬಾಯಿಮಾತು ಬೇಡ ಎನ್ನುತ್ತೇವೆ. ಅತ್ತೆಯ ಮಾತು ಕೇಳಿಕೊಂಡು ಬರಬೇಡಿ, ಆ ಹೆಣ್ಣುಮಗಳು ಏನು ಹೇಳುತ್ತಾಳೆ ಎಂದು ಕೇಳಿಕೊಂಡು ಬನ್ನಿ. ದೇಶದ ಕಾನೂನಿನಲ್ಲೂ ವಯಸ್ಕ ಹೆಂಗಸಿನದೇ ಒಪ್ಪಿಗೆ ಬೇಕಾದದ್ದು, ಗಂಡನದಲ್ಲ.

ಗರ್ಭಪಾತ ಕೂಡದು ಎಂದು ಗಟ್ಟಿಯಾಗಿ ಹೇಳುವ ನಾವು, 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯ ಸುದ್ದಿ ಬಂದಾಗ ಏನು ಮಾಡಿದೆವು? ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೆಣ್ಣೆಂದು ಗೊತ್ತಾದ ಭ್ರೂಣಗಳನ್ನು ತೆಗೆಸುತ್ತಿದ್ದ ಜಾಲ. ಲಿಂಗ ಪತ್ತೆ ತಡೆಯುವ ಕಾನೂನು 1994ರದ್ದು. ಮೂವತ್ತು ವರ್ಷ ಅದನ್ನು ಕಾಯಬೇಕಾದವರು ಏನು ಮಾಡುತ್ತಿದ್ದರು? ಜೀವಂತ ಹೂಳಲ್ಪಟ್ಟ ಹೆಣ್ಣುಕೂಸನ್ನು ಅಂತ್ಯದಿನದಲ್ಲಿ ಯಾವ ಪಾಪಕ್ಕೆ ನಿನ್ನನ್ನು ಕೊಂದರು ಎಂದು ಕೇಳಲಾಗುವುದು ಎಂದು ತಕ್ವೀರ್ ಅಧ್ಯಾಯ ಹೇಳುತ್ತದೆ. ಆಮೇಲೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂತು, ಔಷಧ ನಿಯಂತ್ರಕರು ಅಮಾನತಾದರು, ವಿಧಾನಸಭೆಯಲ್ಲಿ ಗಲಾಟೆಯಾಯಿತು. ನಾವು ವಾಟ್ಸಾಪಿನಲ್ಲಿ ಇನ್ನಾಲಿಲ್ಲಾಹಿ ಬರೆದು ಸುಮ್ಮನಾದೆವು.

ನಮ್ಮದು ಎರಡು ಕ್ಷೇತ್ರ, ಕಡೂರು ಮತ್ತು ತರೀಕೆರೆ. ಅಜ್ಜಂಪುರ ತಾಲ್ಲೂಕಾದರೂ ಓಟು ತರೀಕೆರೆಗೇ. ಚುನಾವಣೆ ಬಂದಾಗ ಅಭ್ಯರ್ಥಿಗಳು ಜಮಾಅತ್ ಕಚೇರಿಗೂ ಬರುತ್ತಾರೆ. ನಾವು ಏನು ಕೇಳುತ್ತೇವೆ? ಖಬರಸ್ತಾನಕ್ಕೆ ಕಾಂಪೌಂಡು, ಶಾದಿಮಹಲಿಗೆ ಶೀಟು. ಸತ್ತವರಿಗೆ ಗೋಡೆ ಕೇಳಿದಷ್ಟು ಸಲ ಹೆರುವವರಿಗೆ ಡಾಕ್ಟರನ್ನು ಕೇಳಿದ್ದೇವೆಯೇ? ರಾತ್ರಿ ಎರಡು ಗಂಟೆಗೆ ರಕ್ತಸ್ರಾವವಾದರೆ ಅಜ್ಜಂಪುರದ ಹಳ್ಳಿಯಿಂದ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಶಿವಮೊಗ್ಗಕ್ಕೋ, ಚಿಕ್ಕಮಗಳೂರಿಗೋ? ದಾರಿಯಲ್ಲಿ ಏನಾದರೂ ಆದರೆ ಉತ್ತರ ಕೊಡುವವರು ಯಾರು?

ಪ್ರವಾದಿ(ಸ) ಪ್ರತಿಯೊಬ್ಬರನ್ನೂ ಕುರುಬನಿಗೆ ಹೋಲಿಸಿ, ತನ್ನ ಮಂದೆಯ ಲೆಕ್ಕ ಕೊಡಬೇಕಾದವನು ಎಂದರು. ಶಾಸಕರ ಮಂದೆಯಲ್ಲಿ ನಾವಿದ್ದೇವೆ. ನಮ್ಮ ಮಂದೆಯಲ್ಲಿ ನಮ್ಮ ಹೆಂಡತಿ, ಸೊಸೆ, ಮಗಳಿದ್ದಾರೆ.

ಮೂರು ಊರಿನ ಜಮಾಅತಿನವರು ಸೇರಿ ಇಬ್ಬರು ಶಾಸಕರಿಗೂ ಕೊಡಲು ಒಂದು ಮನವಿ ಬರೆದಿದ್ದೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲು ರಾತ್ರಿ ಹೆರಿಗೆ ವೈದ್ಯರು ಮತ್ತು ಅರಿವಳಿಕೆ ವೈದ್ಯರು ಇರಬೇಕು, ರಕ್ತ ಇಟ್ಟಿರಬೇಕು, ಆ ದಿನ ಜವಾಬ್ದಾರಿ ಯಾರದು ಎಂದು ಬೋರ್ಡಿನಲ್ಲಿ ಹೆಸರು ಬರೆದಿರಬೇಕು, ತಾಯಿಯೊಬ್ಬಳು ಸತ್ತರೆ ಯಾಕೆ ಸತ್ತಳೆಂದು ಮನೆಯವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಇದರಲ್ಲಿ ಮುಸ್ಲಿಮರಿಗೆ ಎಂದು ಒಂದು ಸಾಲೂ ಇಲ್ಲ. ಪಕ್ಕದ ಬೀದಿಯ ಮಠದವರಿಗೂ ಚರ್ಚಿನವರಿಗೂ ಪ್ರತಿ ಕೊಟ್ಟು ಸಹಿ ಕೇಳುತ್ತೇವೆ.

ಹಾಳೆಗಳು ವುಜೂಖಾನೆಯ ಪಕ್ಕದ ಮೇಜಿನ ಮೇಲಿವೆ. ಸುನ್ನತ್ ಮುಗಿಸಿ ಸಹಿ ಮಾಡಿ ಹೋಗಿ. ಮನೆಗೆ ಒಂದೊಂದು ಖಾಲಿ ಹಾಳೆಯನ್ನೂ ತೆಗೆದುಕೊಂಡು ಹೋಗಿ, ಹೆಂಗಸರ ಸಹಿ ಅದರಲ್ಲಿ ಬರಲಿ. ಅವರ ಪರವಾಗಿ ನೀವು ಹಾಕಬೇಡಿ. ಭಾನುವಾರ ಮಗ್ರಿಬ್ ಒಳಗೆ ಮುಅದ್ಸಿನ್ ಸಾಹೇಬರ ಕೈಗೆ ಕೊಟ್ಟರೆ ಸಾಕು, ಸೋಮವಾರ ಕಡೂರಿಗೆ ಹೋಗುತ್ತೇವೆ.