ಹೈ-ಲಿಫ್ಟ್ ಜಾಕ್ ಗಾಡಿಯಲ್ಲಿ ಎಲ್ಲಿಡಬೇಕು?

ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಥಾರ್, ಜಿಮ್ನಿಗಳ ಮೇಲೆ ಉದ್ದನೆಯ ಜಾಕ್ ನೋಡಿರ್ತೀರ. ಅದೇ ಹೈ-ಲಿಫ್ಟ್. 48 ಇಂಚಿನದು ಅಂದ್ರೆ ನಾಲ್ಕಡಿ ಕಬ್ಬಿಣ, ಸುಮಾರು 13 ಕೆ.ಜಿ. ಕೆಸರಲ್ಲಿ ಹೂತಾಗ ಬೇಕೇ ಬೇಕು. ಆದ್ರೆ ವಾರವಿಡೀ ಅದು ಓಡಾಡೋದು ಹಲಸೂರು, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ಟ್ರಾಫಿಕ್ಕಲ್ಲಿ, ಬೈಕಿನವರ ಮಧ್ಯೆ.

ಹಾಗಾಗಿ ಬಾನೆಟ್ ಮೇಲೆ ಬೇಡವೇ ಬೇಡ. ಯಾರಾದ್ರೂ ಅಡ್ಡ ಬಂದ್ರೆ ತಲೆಗೆ ಬಡಿಯೋದು ಅದೇ. ಟಾಪ್ ಮೇಲಿಟ್ರೆ ಭಾರ ಮೇಲಕ್ಕೆ ಹೋಗುತ್ತೆ, ಓರೆ ದಾರಿಯಲ್ಲಿ ಗಾಡಿ ವಾಲುತ್ತೆ. ಹಿಂದಿನ ಬಾಗಿಲಿಗೆ? ಅದರ ಕೀಲು ಈಗಾಗ್ಲೇ ಸ್ಟೆಪ್ನಿ ಹೊತ್ತಿದೆ. ಹೊರಗಿಟ್ರೆ ಧೂಳು, ಕೆಸರು ಸೇರಿ ಪಿನ್ನುಗಳು ಬೇರೆ ಕಚ್ಕೊಳ್ತವೆ.

ನಾನು ಹೇಳೋದು: ಒಳಗೆ, ಆದಷ್ಟು ಕೆಳಗೆ, ನೆಲಕ್ಕೆ ಬೋಲ್ಟ್ ಹಾಕಿ. ಹಗ್ಗ ಸಾಲದು, ಸಡನ್ ಬ್ರೇಕ್ ಹಾಕಿದ್ರೆ ಸಡಿಲ ಜಾಕ್ ನೇರ ನಿಮ್ಮ ಬೆನ್ನಿಗೆ. ನಾಲ್ಕಡಿಗೆ ಜಾಗ ಇಲ್ವಾ, 36 ಇಂಚಿನದೂ ಸಿಗುತ್ತೆ.

ಅಂದಹಾಗೆ, ಪ್ಲಾಸ್ಟಿಕ್ ಬಂಪರ್ ಇದ್ರೆ ಈ ಜಾಕ್ ಕೊಡೋಕೆ ಜಾಗವೇ ಇರಲ್ಲ. ಅದಕ್ಕಂತ ಬುಲ್‌ಬಾರ್ ಹಾಕ್ಸೋಕೆ ಹೋಗ್ಬೇಡಿ, 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡ ಅಂದಿದೆ. ಅಂಥವರು ಗಾಡಿ ಜೊತೆ ಬಂದ ಜಾಕ್ ಇಟ್ಕೊಳ್ಳಿ, ಕೆಸರಲ್ಲಿ ಅದರಡಿ ಹಾಕೋಕೆ ಒಂದು ದಪ್ಪ ಹಲಗೆ.